ಕಾಣದ ಕೆಲಸಕ್ಕೂ ಲೆಕ್ಕವಿದೆ: ಸ್ವಂತ ವೃತ್ತಿಯವರ ಪ್ರಶ್ನೆಗಳಿಗೆ ಉತ್ತರ

ಸ್ವಂತವಾಗಿ ವೃತ್ತಿ ನಡೆಸುತ್ತಿರುವ ಓದುಗರಿಂದ ಬಂದ ಪತ್ರಗಳಲ್ಲಿ, ಕೆಲಸದ ಗುಣಮಟ್ಟಕ್ಕೆ ಸಂಬಂಧಿಸಿದವುಗಳನ್ನು ಮಾತ್ರ ಈ ಬಾರಿ ಆರಿಸಿಕೊಂಡಿದ್ದೇವೆ. ಬರೆದವರ ಹೆಸರು, ಊರುಗಳನ್ನು ಬಿಟ್ಟು ವೃತ್ತಿಯನ್ನಷ್ಟೇ ಉಳಿಸಿಕೊಳ್ಳಲಾಗಿದೆ. ಕೆಲವು ಪತ್ರಗಳು ಬಹಳ ಉದ್ದವಾಗಿದ್ದುದರಿಂದ ಪ್ರಶ್ನೆಗೆ ಬೇಕಾದಷ್ಟನ್ನು ಮಾತ್ರ ಇಲ್ಲಿ ಕೊಟ್ಟಿದೆ.

ಪ್ರಶ್ನೆ: ನಾನು ಸ್ವತಂತ್ರವಾಗಿ ಮನೆಗಳ ವೈರಿಂಗ್ ಕೆಲಸ ವಹಿಸಿಕೊಳ್ಳುತ್ತೇನೆ. ಗೋಡೆಯೊಳಗೆ ಹೋಗುವ ತಂತಿ ಎಂಥದು, ಜೋಡಣೆ ಹೇಗಿದೆ ಎಂಬುದನ್ನು ಯಾವ ಗಿರಾಕಿಯೂ ನೋಡುವುದಿಲ್ಲ, ನೋಡಿದರೂ ಅವರಿಗೆ ತಿಳಿಯುವುದಿಲ್ಲ. ಕಡಿಮೆ ದರ ಹೇಳಿದವರಿಗೆ ಕೆಲಸ ಸಿಗುತ್ತದೆ. ಹೀಗಿರುವಾಗ ಅಚ್ಚುಕಟ್ಟಾಗಿ ಕೆಲಸ ಮಾಡುವುದರಿಂದ ನನಗೇನು ಲಾಭ?
— ಎಲೆಕ್ಟ್ರಿಷಿಯನ್

ಉತ್ತರ: ನಿಮ್ಮ ಮಾತನ್ನು ಬರಿಯ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಇದೇ ತೊಡಕನ್ನು ಅರ್ಥಶಾಸ್ತ್ರಜ್ಞರು ಅರ್ಧ ಶತಮಾನದ ಹಿಂದೆಯೇ ಗುರುತಿಸಿದ್ದಾರೆ. ಕೊಳ್ಳುವ ಮೊದಲೇ ನೋಡಿ ತಿಳಿಯಬಹುದಾದ ಗುಣ ಒಂದು ಬಗೆ, ಬಳಸಿದ ಮೇಲಷ್ಟೇ ತಿಳಿಯುವ ಗುಣ ಇನ್ನೊಂದು ಬಗೆ ಎಂದು 1970ರಲ್ಲಿ ಫಿಲಿಪ್ ನೆಲ್ಸನ್ ವಿಂಗಡಿಸಿದರು. 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಮೂರನೆಯ ಬಗೆಯೊಂದನ್ನು ಸೇರಿಸಿದರು. ಹಣ ಕೊಟ್ಟು ಬಳಸಿದ ಮೇಲೂ ಕೆಲಸ ನಿಜಕ್ಕೂ ಸರಿಯಾಗಿತ್ತೇ ಎಂದು ಸಾಮಾನ್ಯ ಗ್ರಾಹಕರಿಗೆ ಸುಲಭವಾಗಿ ತಿಳಿಯದ ಸೇವೆಗಳು ಈ ಗುಂಪಿನವು. ವಾಹನದ ದುರಸ್ತಿ, ವೈದ್ಯರ ಸಲಹೆ, ಲೆಕ್ಕಪತ್ರದ ಕೆಲಸ, ನಿಮ್ಮ ವೈರಿಂಗ್ ಎಲ್ಲವೂ ಇದರಲ್ಲಿ ಬರುತ್ತವೆ.

ಇಂಥ ಕಡೆ ಏನಾಗುತ್ತದೆ ಎಂಬುದನ್ನು ಅದೇ 1970ರಲ್ಲಿ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸಿದರು. ಯಾವ ಕಾರು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಕೊಳ್ಳುವವರಿಗೆ ತಿಳಿಯದಿದ್ದಾಗ ಅವರು ಎರಡಕ್ಕೂ ನಡುವಿನ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾರೆ. ಆ ಬೆಲೆಗೆ ಒಳ್ಳೆಯ ಕಾರನ್ನು ಮಾರುವುದು ಕಟ್ಟಿಬರುವುದಿಲ್ಲವಾದ್ದರಿಂದ ಒಳ್ಳೆಯದನ್ನು ಇಟ್ಟುಕೊಂಡವರು ಹಿಂದೆ ಸರಿಯುತ್ತಾರೆ. ಉಳಿದವುಗಳ ಗುಣ ಇನ್ನಷ್ಟು ಕುಸಿಯುತ್ತದೆ, ಅದರೊಂದಿಗೆ ಬೆಲೆಯೂ ಇಳಿಯುತ್ತದೆ. 2001ರಲ್ಲಿ ಅವರಿಗೆ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಸ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದದ್ದು ಈ ಬಗೆಯ ವಿಶ್ಲೇಷಣೆಗಾಗಿಯೇ. ಆ ಲೇಖನವನ್ನು ನೆನೆಯುವವರು ಹೆಚ್ಚಾಗಿ ಅದರ ಮೊದಲ ಭಾಗವನ್ನು ಮಾತ್ರ ನೆನೆಯುತ್ತಾರೆ. ಈ ಕುಸಿತವನ್ನು ತಡೆಯುವ ದಾರಿಗಳೆಂದು ಖಾತರಿ, ಹೆಸರು, ಪರವಾನಗಿಗಳನ್ನು ಅವರು ಕೊನೆಯಲ್ಲಿ ಹೇಳಿದ್ದಾರೆ. ನಿಮ್ಮ ಪ್ರಶ್ನೆಗೆ ಬೇಕಾದ ಭಾಗ ಅದು.

ದೊಡ್ಡ ಸಂಸ್ಥೆಯ ನೌಕರನ ಬೆನ್ನಿಗೆ ಸಂಸ್ಥೆಯ ಹೆಸರಿರುತ್ತದೆ. ಅವನ ಒಂದು ದಿನದ ಅಸಡ್ಡೆಯನ್ನು ಇತರ ನೂರು ಜನರ ಕೆಲಸ ಮುಚ್ಚಿಬಿಡುತ್ತದೆ. ನಿಮಗೆ ಆ ಆಸರೆ ಇಲ್ಲ. ಆದರೆ ನೀವು ಗಳಿಸಿದ ಹೆಸರನ್ನು ಬೇರೆಯವರು ಹಂಚಿಕೊಳ್ಳುವುದೂ ಇಲ್ಲ. ಆದ್ದರಿಂದ ಚೆನ್ನಾಗಿ ಮಾಡುವುದು ನಿಮ್ಮ ವೃತ್ತಿಯ ಅರ್ಧ ಭಾಗವಾದರೆ, ಚೆನ್ನಾಗಿ ಮಾಡಿದ್ದೇನೆಂದು ಬಲ್ಲವರಲ್ಲದವರಿಗೂ ತೋರಿಸಿಕೊಡುವುದು ಇನ್ನರ್ಧ. ಹೆಚ್ಚಿನ ನುರಿತ ಕೆಲಸಗಾರರು ಸೋಲುವುದು ಈ ಎರಡನೆಯ ಅರ್ಧದಲ್ಲಿ. ‘ನನ್ನ ಕೆಲಸವೇ ಮಾತಾಡುತ್ತದೆ’ ಎಂಬುದು ಗೋಡೆಯ ಹೊರಗಿನ ಕೆಲಸಕ್ಕೆ ಒಪ್ಪುವ ಮಾತು. ಗೋಡೆಯೊಳಗೆ ಹೂತುಹೋದ ಕೆಲಸ ಮಾತಾಡುವುದು ಕೆಟ್ಟಾಗ ಮಾತ್ರ.

ನಿಮ್ಮದೇ ಕಸುಬಿನಿಂದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಸ್ಕ್ರೂ ಸರಿಯಾಗಿ ಬಿಗಿಯದ ಒಂದು ಜೋಡಣೆಯಲ್ಲಿ ಅರ್ಧ ಓಮ್‌ನಷ್ಟು ಪ್ರತಿರೋಧ ಉಳಿದಿದೆ ಎಂದಿಟ್ಟುಕೊಳ್ಳಿ. ಜೋಡಣೆಯಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ, 0.1 ಆಂಪಿಯರ್ ಎಳೆಯುವ ಎಲ್‌ಇಡಿ ದೀಪ ಉರಿಯುವಾಗ ಅಲ್ಲಿ ಹುಟ್ಟುವುದು 0.005 ವಾಟ್ ಮಾತ್ರ. ಅದೇ ಜೋಡಣೆಯ ಮೂಲಕ ನೀರು ಕಾಯಿಸುವ ಉಪಕರಣವೊಂದು 10 ಆಂಪಿಯರ್ ಎಳೆದರೆ ಶಾಖ 50 ವಾಟ್‌ಗೆ ಏರುತ್ತದೆ. ಬೆರಳ ತುದಿಯಷ್ಟು ಜಾಗದಲ್ಲಿ 50 ವಾಟ್ ಎಂದರೆ ಪ್ಲಾಸ್ಟಿಕ್ ಕಪ್ಪಾಗಲು ಧಾರಾಳ ಸಾಕು. ಕಾದು ತಣಿಯುವ ಪ್ರತಿ ಸುತ್ತಿನಲ್ಲೂ ಸ್ಕ್ರೂ ಇನ್ನಷ್ಟು ಸಡಿಲವಾಗುತ್ತದೆ. ಕೆಲಸ ಒಪ್ಪಿಸುವ ದಿನ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ, ಗ್ರಾಹಕರು ಸಂತೋಷದಿಂದ ಹಣ ಕೊಡುತ್ತಾರೆ; ಸುಟ್ಟ ವಾಸನೆ ಬರುವುದು ಎಷ್ಟೋ ಕಾಲದ ಮೇಲೆ. ಕಡಿಮೆ ದರದವರಿಗೂ ನಿಮಗೂ ಇರುವ ವ್ಯತ್ಯಾಸ ಆ ಕಾಲಾವಧಿಯಲ್ಲಿ ಅಡಗಿರುತ್ತದೆ.

ಅದನ್ನು ಮೊದಲೇ ಹೊರಗೆ ತರಬೇಕು. ಗಾರೆ ಮುಚ್ಚುವ ಮುನ್ನ ಪ್ರತಿ ಗೋಡೆಯ ಫೋಟೊ ತೆಗೆದು, ತಂತಿ ಹಾದುಹೋದ ಜಾಗ ತಿಳಿಯುವಂತೆ ಗ್ರಾಹಕರಿಗೆ ಕೊಡಿ. ಮುಂದೆ ಮೊಳೆ ಹೊಡೆಯುವವರಿಗೂ ಅದು ಉಪಕಾರ. ವಿತರಣಾ ಪೆಟ್ಟಿಗೆಯಲ್ಲಿ ಯಾವ ಸ್ವಿಚ್ಚು ಯಾವ ಕೋಣೆಯದು ಎಂದು ಬರೆದು ಅಂಟಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ತಂತಿಯ ಹೊದಿಕೆಯಿಂದ ವಿದ್ಯುತ್ ಸೋರುತ್ತದೆಯೇ ಎಂದು ಅಳೆಯುವ ಮೆಗ್ಗರ್ ಎಂಬ ಮೀಟರಿನಿಂದ ನಿರೋಧಕ ಪರೀಕ್ಷೆ ಮಾಡಿ. ಮನೆಯ ಸಾಮಾನ್ಯ ಸರ್ಕ್ಯೂಟಿಗೆ 500 ವೋಲ್ಟ್ ನೇರ ವಿದ್ಯುತ್ತಿನಲ್ಲಿ ಕನಿಷ್ಠ 1 ಮೆಗಾಓಮ್ ಇರಬೇಕೆಂದು ಅಂತಾರಾಷ್ಟ್ರೀಯ ಮಾನದಂಡ ಹೇಳುತ್ತದೆ. ಪ್ರತಿ ಸರ್ಕ್ಯೂಟಿಗೂ ನಿಮ್ಮ ಮೀಟರು ತೋರಿಸಿದ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಕೆಲಸದ ಖಾತರಿಯ ಅವಧಿಯನ್ನೂ ಅದರಲ್ಲೇ ನಮೂದಿಸಿ ಕೊಡಿ. ಮೆಗಾಓಮ್ ಎಂದರೇನೆಂದು ಗ್ರಾಹಕರಿಗೆ ತಿಳಿಯಬೇಕಾಗಿಲ್ಲ. ಬೇರೆಯವರು ಕೊಡದ ಹಾಳೆಯೊಂದನ್ನು ನೀವು ಕೊಟ್ಟಿರಿ ಎಂಬುದು ತಿಳಿದರೆ ಸಾಕು. ಪಕ್ಕದ ಮನೆಯವರು ಕೇಳಿದಾಗ ಅವರು ತೆಗೆದು ತೋರಿಸುವುದು ಅದನ್ನೇ.

ಇಷ್ಟು ಮಾಡಿದರೂ ದರವನ್ನೇ ನೋಡುವವರು ಬೇರೆಯವರ ಬಳಿಗೆ ಹೋಗುತ್ತಾರೆ. ಹೋಗಲಿ ಬಿಡಿ. ಆರಂಭದ ಕೆಲವು ಕಾಲ ನಿಮ್ಮ ಕೈಯಲ್ಲಿ ಕೆಲಸ ಕಡಿಮೆಯೇ ಇರಬಹುದು, ಆ ಕಷ್ಟವನ್ನು ಸಣ್ಣದೆಂದು ಹೇಳಲು ನಾವು ಸಿದ್ಧರಿಲ್ಲ.

ಪ್ರಶ್ನೆ: ನಾನು ಪುಸ್ತಕಗಳ ಪುಟವಿನ್ಯಾಸ, ಮುಖಪುಟ ವಿನ್ಯಾಸ ಮಾಡುತ್ತೇನೆ. ಎಷ್ಟು ತಿದ್ದಿದರೂ ಸಮಾಧಾನವಾಗುವುದಿಲ್ಲ. ಪ್ರತಿ ಬಾರಿಯೂ ಗಡುವು ಮೀರುತ್ತದೆ. ಗೆಳತಿಯರು ‘ಅಷ್ಟೊಂದು ಬೇಡ, ಕೊಟ್ಟುಬಿಡು’ ಎನ್ನುತ್ತಾರೆ. ಗುಣಮಟ್ಟದಲ್ಲಿ ರಾಜಿಯಾಗುವುದು ಸರಿಯೇ?
— ವಿನ್ಯಾಸಕಿ

ಉತ್ತರ: ಗಡುವನ್ನು ಗುಣಮಟ್ಟದ ಹೊರಗಿಟ್ಟು ನೋಡುತ್ತಿರುವುದೇ ಇಲ್ಲಿನ ತೊಂದರೆ. ಮುದ್ರಣಾಲಯದಲ್ಲಿ ಕಾದಿರಿಸಿದ ದಿನ ತಪ್ಪಿದರೆ ಪ್ರಕಾಶಕರ ಪಾಲಿಗೆ ನಿಮ್ಮ ಅಕ್ಷರಗಳ ನಡುವಿನ ಅಂತರ ಎಷ್ಟು ಸೊಗಸಾಗಿತ್ತೆಂಬುದು ಲೆಕ್ಕಕ್ಕೆ ಬರುವುದಿಲ್ಲ. ಹೊತ್ತಿಗೆ ಸರಿಯಾಗಿ ಬರುವುದೂ ಅವರು ಹಣ ಕೊಟ್ಟು ಕೊಂಡ ಸೇವೆಯ ಭಾಗವೇ.

ಗಡುವು ಪ್ರತಿ ಬಾರಿಯೂ ಮೀರುತ್ತಿದ್ದರೆ ಅದಕ್ಕೆ ತಿದ್ದುವ ಗೀಳು ಒಂದೇ ಕಾರಣವಾಗಿರಲಿಕ್ಕಿಲ್ಲ, ಅಂದಾಜೇ ತಪ್ಪಿರಬಹುದು. ಕೆಲಸಕ್ಕೆ ತಗಲುವ ಕಾಲವನ್ನು ಮನುಷ್ಯರು ಕಡಿಮೆಯಾಗಿಯೇ ಊಹಿಸುತ್ತಾರೆಂದು ಡೇನಿಯಲ್ ಕಾನಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿಯೇ ಬರೆದಿದ್ದರು. 1994ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 33.9 ದಿನಗಳಲ್ಲಿ ಮುಗಿಸುತ್ತೇವೆಂದಿದ್ದರು, ಮುಗಿಸಿದ್ದು 55.5 ದಿನಗಳಲ್ಲಿ. ಎಲ್ಲವೂ ಕೆಟ್ಟದಾಗಿ ನಡೆದರೆ ಎಷ್ಟು ದಿನ ಬೇಕಾದೀತು ಎಂದು ಕೇಳಿದಾಗ ಅವರು ಹೇಳಿದ್ದ 48.6 ದಿನಗಳನ್ನೂ ಅದು ದಾಟಿತ್ತು. ಇದಕ್ಕೆ ಮದ್ದು ಮನಸ್ಸಿನಲ್ಲಿ ಲೆಕ್ಕ ಹಾಕುವುದನ್ನು ನಿಲ್ಲಿಸುವುದು. ಹಿಂದೆ ಮಾಡಿದ ಇಂಥದೇ ಪುಸ್ತಕಗಳಿಗೆ ನಿಜವಾಗಿ ಎಷ್ಟು ದಿನ ತಗುಲಿತೆಂದು ತೆಗೆದು ನೋಡಿ, ಆ ಅಂಕಿಯನ್ನೇ ಪ್ರಕಾಶಕರಿಗೆ ಹೇಳಿ. ಎಷ್ಟು ಬಾರಿ ತಿದ್ದಿಕೊಡುತ್ತೀರಿ, ಯಾವ ಹಂತಕ್ಕೆ ಬಂದರೆ ಕೆಲಸ ಮುಗಿದಂತೆ ಎಂಬುದನ್ನು ಒಪ್ಪಂದದಲ್ಲಿಯೇ ಬರೆದುಕೊಳ್ಳಿ.

ಹಿಂದಿನ ಉತ್ತರದಲ್ಲಿ ಕಾಣದ ಕೆಲಸವನ್ನೂ ಸರಿಯಾಗಿ ಮಾಡಬೇಕೆಂದು ಹೇಳಿ, ಇಲ್ಲಿ ಯಾರಿಗೂ ಕಾಣದ ತಿದ್ದುಪಡಿ ಬೇಡವೆನ್ನುವುದು ವಿರೋಧಾಭಾಸದಂತೆ ತೋರಬಹುದು. ಕಾಣುತ್ತದೆಯೇ ಇಲ್ಲವೇ ಎಂಬುದು ಎರಡೂ ಕಡೆ ಮುಖ್ಯವಲ್ಲ. ಬಿಟ್ಟರೆ ಬಳಸುವವರಿಗೆ ನಷ್ಟವಾಗುತ್ತದೆಯೇ ಎಂದು ಕೇಳಿಕೊಳ್ಳಿ. ಸಡಿಲವಾದ ಸ್ಕ್ರೂ ಕಾಣುವುದಿಲ್ಲ, ಆದರೆ ಮನೆ ಸುಡಬಹುದು. ಪುಟದ ಅಂಚು ಬೈಂಡಿಂಗಿಗೆ ಸಾಕಷ್ಟು ಬಿಡದಿದ್ದರೆ ಸಾಲುಗಳ ಕೊನೆ ಮಡಿಕೆಯೊಳಗೆ ಸೇರಿ ಓದುವವರು ಪುಸ್ತಕವನ್ನು ಬಲವಂತವಾಗಿ ಬಿಡಿಸಬೇಕಾಗುತ್ತದೆ. ಅದನ್ನು ಗಡುವಿನ ಹಿಂದಿನ ರಾತ್ರಿಯಾದರೂ ಎದ್ದು ಕೂತು ತಿದ್ದಿ. ಮುಖಪುಟದ ನೀಲಿ ಕೂದಲೆಳೆಯಷ್ಟು ಗಾಢವಾಗಬೇಕಿತ್ತೆಂಬ ಚಡಪಡಿಕೆ ಬೇರೆ ಜಾತಿಯದು. ಅದು ನಿಮ್ಮ ಸಂತೋಷಕ್ಕೆ. ನಿಮ್ಮ ಬಿಡುವಿನ ಕಾಲದಲ್ಲಿ ಎಷ್ಟು ಬೇಕಾದರೂ ಮಾಡಿಕೊಳ್ಳಿ.

ಪ್ರಶ್ನೆ: ಹದಿನೈದು ವರ್ಷಗಳಿಗೂ ಮೇಲ್ಪಟ್ಟು ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಈಗ ಬಂದ ಹುಡುಗರು ತರಬೇತಿ, ಹೊಸ ತಂತ್ರಾಂಶ ಎಂದು ಓಡಾಡುತ್ತಾರೆ. ಇಷ್ಟು ವರ್ಷದ ಅನುಭವಕ್ಕಿಂತ ದೊಡ್ಡ ಪರಿಣತಿ ಇದೆಯೇ?
— ಲೆಕ್ಕಪತ್ರ ಸಲಹೆಗಾರ

ಉತ್ತರ: ಅನುಭವ ದೊಡ್ಡದು ಎನ್ನುವುದರಲ್ಲಿ ಅನುಮಾನವಿಲ್ಲ, ಆದರೆ ಅದು ತಾನಾಗಿಯೇ ಪರಿಣತಿಯಾಗಿ ಬೆಳೆಯುತ್ತದೆ ಎಂಬುದಕ್ಕೆ ಆಧಾರ ಸಾಲದು. ವೈದ್ಯರ ವೃತ್ತಿವರ್ಷಗಳಿಗೂ ಅವರು ಕೊಡುವ ಚಿಕಿತ್ಸೆಯ ಗುಣಮಟ್ಟಕ್ಕೂ ಇರುವ ನಂಟನ್ನು ಪರಿಶೀಲಿಸಿದ ಒಂದು ಸಮೀಕ್ಷೆ 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಟ್ಟುಗೂಡಿಸಿದ 62 ಮೌಲ್ಯಮಾಪನಗಳ ಪೈಕಿ 32ರಲ್ಲಿ, ಪರಿಶೀಲಿಸಿದ ಎಲ್ಲ ಅಂಶಗಳಲ್ಲೂ ವರ್ಷ ಹೆಚ್ಚಿದಂತೆ ಗುಣಮಟ್ಟ ಇಳಿದದ್ದು ಕಂಡುಬಂತು. ಹಿರಿಯ ವೈದ್ಯರಿಗೆ ಬುದ್ಧಿ ಕಡಿಮೆಯಾಯಿತೆಂದು ಇದರ ಅರ್ಥವಲ್ಲ. ಕಲಿತ ಕಾಲದಲ್ಲಿ ಸರಿಯಾಗಿದ್ದ ಪದ್ಧತಿ ಬದಲಾದರೂ ಅವರ ಕೈ ಹಳೆಯ ದಾರಿಯಲ್ಲಿಯೇ ನಡೆಯುತ್ತಿತ್ತು ಎಂದು ಊಹಿಸುವುದು ಹೆಚ್ಚು ನ್ಯಾಯವಾದೀತು. ಲೆಕ್ಕಪತ್ರದ ನಿಯಮಗಳು ಬದಲಾಗುವ ವೇಗ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು.

ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಸಂಗೀತ ವಿದ್ಯಾಲಯವೊಂದರ ಪಿಟೀಲು ವಿದ್ಯಾರ್ಥಿಗಳ ಅಭ್ಯಾಸವನ್ನು ಅಧ್ಯಯನ ಮಾಡಿ 1993ರಲ್ಲಿ ಬರೆದ ಲೇಖನದಿಂದಲೇ ಜನರ ಬಾಯಲ್ಲಿ ‘ಹತ್ತು ಸಾವಿರ ಗಂಟೆ’ ಎಂಬ ಮಾತು ಹುಟ್ಟಿಕೊಂಡಿತು. ಅಷ್ಟು ಗಂಟೆ ಕಳೆದರೆ ಯಾರಾದರೂ ನಿಪುಣರಾಗುತ್ತಾರೆ ಎಂಬ ಅರ್ಥವನ್ನು ಎರಿಕ್ಸನ್ ಒಪ್ಪಿರಲಿಲ್ಲ. ಅವರು ಒತ್ತಿಹೇಳಿದ್ದು ಅಭ್ಯಾಸದ ಬಗೆಯನ್ನು: ತನ್ನ ಕೈಗೆ ಇನ್ನೂ ಒಗ್ಗದ ಒಂದು ಭಾಗವನ್ನು ಆರಿಸಿಕೊಂಡು, ಅದನ್ನು ಮಾತ್ರ ಮತ್ತೆ ಮತ್ತೆ ಮಾಡಿ, ತಪ್ಪಿದ್ದನ್ನು ಕೂಡಲೇ ತಿಳಿದು ತಿದ್ದಿಕೊಳ್ಳುವುದು. ಬಂದದ್ದನ್ನೇ ಮರಳಿ ಮಾಡುವುದು ಈ ಲೆಕ್ಕಕ್ಕೆ ಸೇರುವುದಿಲ್ಲ. ಹದಿನೈದು ವರ್ಷದ ಅನುಭವ ಎಂದು ನಾವೆಲ್ಲ ಹೇಳಿಕೊಳ್ಳುವುದು ಒಂದೇ ವರ್ಷದ ಅನುಭವ ಹದಿನೈದು ಸಲ ಆದದ್ದೂ ಆಗಿರಬಹುದು. ಇದನ್ನು ನಿಮ್ಮ ಮೇಲಿನ ಟೀಕೆಯೆಂದು ತಿಳಿಯಬೇಡಿ. ಬರವಣಿಗೆಯ ಕಸುಬಿಗೂ ಇದು ಅಷ್ಟೇ ನಿಜ.

ಸ್ವಂತ ವೃತ್ತಿಯವರಿಗೆ ನಿಜವಾದ ತೊಡಕು ಇರುವುದು ‘ಕೂಡಲೇ ತಿಳಿದು’ ಎಂಬಲ್ಲಿ. ಕಚೇರಿಯಲ್ಲಾದರೆ ಮೇಲಧಿಕಾರಿ ತಪ್ಪು ಹಿಡಿಯುತ್ತಾರೆ, ಪಕ್ಕದ ಮೇಜಿನವರು ‘ಇದು ಹೀಗಲ್ಲ’ ಎನ್ನುತ್ತಾರೆ. ನಿಮ್ಮ ತಪ್ಪನ್ನು ಹೇಳಬಲ್ಲವರು ನಿಮ್ಮ ಕೋಣೆಯಲ್ಲಿ ಯಾರೂ ಇಲ್ಲ. ಗ್ರಾಹಕರಂತೂ ನಿಮ್ಮ ಮಾತನ್ನೇ ನಂಬಿದವರು. ಹೀಗಾಗಿ ತಪ್ಪು ತೋರಿಸುವ ವ್ಯವಸ್ಥೆಯನ್ನು ನೀವೇ ಕೈಯಾರೆ ಕಟ್ಟಿಕೊಳ್ಳಬೇಕು. ಇದೇ ವೃತ್ತಿಯ ನಂಬಿಕಸ್ಥರೊಬ್ಬರೊಂದಿಗೆ ಆಗಾಗ ಕಡತ ಅದಲುಬದಲು ಮಾಡಿಕೊಂಡು ಒಬ್ಬರದನ್ನು ಒಬ್ಬರು ನೋಡುವುದು ಒಂದು ದಾರಿ; ಗ್ರಾಹಕರ ಒಪ್ಪಿಗೆ ಪಡೆದು, ಹೆಸರು ಅಳಿಸಿ ಮಾಡಬೇಕು. ಆಮೇಲೆ ಒಂದು ತಪ್ಪುಗಳ ಪುಸ್ತಕ ಇಡಿ. ಯಾವ ತಪ್ಪು, ಯಾವ ಹಂತದಲ್ಲಿ ನುಸುಳಿತು, ಯಾರು ಹಿಡಿದರು ಎಂಬ ಮೂರು ಕಾಲಂ ಸಾಕು. ವರ್ಷಾಂತ್ಯದಲ್ಲಿ ಅದನ್ನು ತಿರುವಿಹಾಕಿದರೆ ಅಂಕಿಗಳನ್ನು ಹಿಂದುಮುಂದಾಗಿ ಬರೆಯುವುದೋ, ಹಿಂದಿನ ವರ್ಷದ ಬಾಕಿಯನ್ನು ತರಲು ಮರೆಯುವುದೋ, ಯಾವುದೋ ಒಂದು ಚಾಳಿ ಪದೇಪದೇ ತಲೆಯೆತ್ತುವುದು ಕಾಣುತ್ತದೆ. ಹಿಂದುಮುಂದಾದ ಅಂಕಿಗಳನ್ನು ಹಿಡಿಯುವ ಹಳೆಯ ಉಪಾಯ ನಿಮಗೆ ಗೊತ್ತೇ ಇದೆ: 54 ಎಂಬುದು 45 ಆಗಿದ್ದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಆದರೆ ಅದನ್ನು ಲೆಕ್ಕ ತಾಳೆಯಾಗದಿದ್ದಾಗ ಮಾತ್ರ ಬಳಸುತ್ತೇವೆ; ಎರಡೂ ಕಡೆ ಒಂದೇ ತಪ್ಪು ಆಗಿದ್ದರೆ ತಾಳೆಯೂ ಆಗಿಬಿಡುತ್ತದೆ.

ಇಂಥ ಚಾಳಿಗಳಿಂದಲೇ ನಿಮ್ಮ ಪರಿಶೀಲನಾ ಪಟ್ಟಿ ಹುಟ್ಟಬೇಕು. ಪಟ್ಟಿ ಹಿಡಿದು ಕೆಲಸ ಮಾಡುವುದು ಹೊಸಬರ ಲಕ್ಷಣವೆಂದು ಹಿರಿಯರು ಮೂಗು ಮುರಿಯುವುದುಂಟು. 1935ರ ಅಕ್ಟೋಬರ್‌ನಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ಮೇಲೇರಿದ ಕೂಡಲೇ ಬಿದ್ದು ಹೊತ್ತಿ ಉರಿಯಿತು. ಗಾಳಿಗೆ ಅಲುಗದಂತೆ ನಿಯಂತ್ರಕ ರೆಕ್ಕೆಗಳಿಗೆ ಹಾಕಿದ್ದ ಬೀಗವನ್ನು ತೆಗೆಯಲು ಮರೆತಿದ್ದರು. ಅದನ್ನು ಹಾರಿಸುತ್ತಿದ್ದವರು ನುರಿತ ಪೈಲಟ್, ಕಲಿಯುವವರಾಗಿರಲಿಲ್ಲ. ವಿಮಾನ ಚಾಲಕರು ಕಡ್ಡಾಯವಾಗಿ ಪಟ್ಟಿ ಓದುವ ರೂಢಿ ಬೇರೂರಿದ್ದು ಆ ಅಪಘಾತದ ನಂತರ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗಾಗಿ 19 ಅಂಶಗಳ ಪಟ್ಟಿಯೊಂದನ್ನು ತಂದಿತು. ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿದುದನ್ನು 2009ರ ವರದಿ ತಿಳಿಸಿತು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಅಂಥ ಪಟ್ಟಿಗಳು ಆಸ್ಪತ್ರೆಗಳಲ್ಲೆಲ್ಲ ಜಾರಿಗೆ ಬಂದ ಮೇಲೆ ಮಾಡಿದ 2014ರ ಅಧ್ಯಯನದಲ್ಲಿ ಮಾತ್ರ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ತೋರುವುದಿಷ್ಟು: ಮೇಲಿನಿಂದ ಬಂದ ಪಟ್ಟಿಗೆ ಗುರುತು ಹಾಕುತ್ತಾ ಹೋಗುವುದರಿಂದ ಹೆಚ್ಚೇನೂ ಆಗುವುದಿಲ್ಲ. ನಿಮ್ಮ ತಪ್ಪುಗಳಿಂದ ನೀವೇ ಬರೆದುಕೊಂಡ ಪಟ್ಟಿ ಚಿಕ್ಕದಾಗಿದ್ದರೂ ಕೆಲಸಕ್ಕೆ ಬರುತ್ತದೆ.

ಹುಡುಗರ ತಂತ್ರಾಂಶವನ್ನೂ ಒಮ್ಮೆ ಕಲಿತು ನೋಡಿ. ಬೇಡವೆನಿಸಿದರೆ ಕಲಿತ ಮೇಲೆ ಬಿಡಿ.

ಪ್ರಶ್ನೆ: ಪ್ರಮಾಣಪತ್ರಗಳಿದ್ದರೆ ಗ್ರಾಹಕರು ಹೆಚ್ಚು ನಂಬುತ್ತಾರೆಯೇ? ಎಷ್ಟು ಮಾಡಿಕೊಳ್ಳಬೇಕು?
— ಯೋಗ ತರಬೇತುದಾರಳು

ಉತ್ತರ: ಕಾನೂನು ಕೇಳುವ ಕಡೆ ಈ ಪ್ರಶ್ನೆಗೆ ಜಾಗವಿಲ್ಲ, ಇರಲೇಬೇಕು. ಉಳಿದ ಕಡೆ ಅವು ಮೊದಲ ಬಾರಿ ಬರುವವರ ಹಿಂಜರಿಕೆಯನ್ನು ಕಳೆಯುತ್ತವೆ. ಎರಡನೆಯ ಬಾರಿ ಬರುವವರು ನಿಮ್ಮನ್ನು ನೋಡಿ ಬರುತ್ತಾರೆ. ಅರ್ಹತೆ ಇಲ್ಲದವರಿಗೆ ಸುಲಭವಾಗಿ ಸಿಗದ ಗುರುತು ಮಾತ್ರ ಗುರುತಾಗಿ ಕೆಲಸ ಮಾಡುತ್ತದೆ ಎಂಬುದು ಮೇಲೆ ಹೆಸರಿಸಿದ ಮೈಕೆಲ್ ಸ್ಪೆನ್ಸ್ 1973ರಲ್ಲಿ ಮಾಡಿದ ವಾದದ ತಿರುಳು. ಶುಲ್ಕ ಕಟ್ಟಿದವರಿಗೆಲ್ಲ ಕೊಡುವ ಪ್ರಮಾಣಪತ್ರಗಳನ್ನು ಗೋಡೆ ತುಂಬ ತೂಗುಹಾಕಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ, ಅಷ್ಟೆ. ಪರೀಕ್ಷೆಯಲ್ಲಿ ಅನುತ್ತೀರ್ಣರಾಗುವ ಸಾಧ್ಯತೆ ನಿಜವಾಗಿಯೂ ಇರುವ ಒಂದನ್ನು ಆರಿಸಿಕೊಳ್ಳಿ.

ಪ್ರಶ್ನೆ: ಯಂತ್ರವೊಂದರ ಬಳಕೆಯ ಕೈಪಿಡಿಯನ್ನು ಅನುವಾದಿಸಿ ಕೊಟ್ಟು, ಹಣವನ್ನೂ ಪಡೆದಿದ್ದೇನೆ. ಮೊನ್ನೆ ಹಳೆಯ ಕಡತ ತೆರೆದಾಗ ಒಂದು ವಾಕ್ಯ ತಪ್ಪಾಗಿರುವುದು ಕಣ್ಣಿಗೆ ಬಿತ್ತು. ‘ವಿದ್ಯುತ್ ಸಂಪರ್ಕ ಕಡಿದ ನಂತರ ಮುಚ್ಚಳ ತೆಗೆಯಿರಿ’ ಎಂದಿರಬೇಕಾದಲ್ಲಿ ‘ಕಡಿಯುವ ಮೊದಲು’ ಎಂದಿದೆ. ಕಂಪನಿಯವರು ಇನ್ನೂ ಗಮನಿಸಿಲ್ಲ. ಹೇಳಿದರೆ ಮುಂದಿನ ಕೆಲಸ ಹೋಗುತ್ತದೆಂಬ ಭಯ.
— ಅನುವಾದಕಿ

ಉತ್ತರ: ಈ ಸಂಚಿಕೆ ನಿಮ್ಮ ಕೈ ಸೇರುವವರೆಗೂ ಕಾಯಬಾರದೆಂದು ನಿಮಗೆ ಪ್ರತ್ಯೇಕವಾಗಿ ಬರೆದಿದ್ದೇವೆ. ಅದೇ ಉತ್ತರವನ್ನು ಇತರರಿಗಾಗಿ ಇಲ್ಲಿಯೂ ಕೊಡುತ್ತಿದ್ದೇವೆ. ಅಲ್ಪವಿರಾಮ ತಪ್ಪಿದ್ದರೆ ಮುಂದಿನ ಮುದ್ರಣಕ್ಕೆಂದು ಗುರುತು ಮಾಡಿಟ್ಟುಕೊಳ್ಳಬಹುದಿತ್ತು. ಇದನ್ನು ಓದಿದವರು ವಿದ್ಯುತ್ ಹರಿಯುತ್ತಿರುವ ಯಂತ್ರದೊಳಗೆ ಕೈ ಹಾಕುತ್ತಾರೆ. ಹೇಳಬೇಕೇ ಬೇಡವೇ ಎಂದು ಯೋಚಿಸಲು ಇಲ್ಲಿ ಏನೂ ಉಳಿದಿಲ್ಲ.

ಹೇಳುವ ಬಗೆಯಲ್ಲಿ ಮಾತ್ರ ನಾಲ್ಕು ಮಾತು ಇದೆ. ಮೊದಲು ಫೋನ್ ಮಾಡಿ, ಅದೇ ದಿನ ಬರೆದೂ ಕಳುಹಿಸಿ. ಯಾವ ಪುಟ, ಯಾವ ಸಾಲು, ಈಗ ಏನಿದೆ, ಏನಿರಬೇಕು, ಅದರಿಂದ ಯಾವ ಅಪಾಯ ಎಂಬುದು ಮೊದಲ ಪ್ಯಾರಾದಲ್ಲಿಯೇ ಇರಲಿ. ಕ್ಷಮೆಯನ್ನು ಒಂದು ವಾಕ್ಯದಲ್ಲಿ ಕೇಳಿ. ಆಗ ಮೈ ಸರಿಯಿರಲಿಲ್ಲ, ಕೆಲಸ ಹೆಚ್ಚಿತ್ತು ಎಂಬ ವಿವರಣೆಗಳು ಓದುವವರ ಸಮಯ ತಿನ್ನುತ್ತವೆ. ಇಡೀ ಕೈಪಿಡಿಯ ಎಚ್ಚರಿಕೆಯ ವಾಕ್ಯಗಳನ್ನೆಲ್ಲ ಮತ್ತೊಮ್ಮೆ ಮೂಲದೊಂದಿಗೆ ಹೋಲಿಸಿ, ಶುಲ್ಕವಿಲ್ಲದೆ ತಿದ್ದಿಕೊಡುವುದಾಗಿ ತಿಳಿಸಿ ಮತ್ತು ಎಂದು ಕೊಡುತ್ತೀರೆಂದು ದಿನಾಂಕ ಹೇಳಿ. ‘ಎಲ್ಲೋ ಒಂದೆರಡು ಕಡೆ ಸಣ್ಣಪುಟ್ಟ ತಿದ್ದುಪಡಿ ಇದ್ದಂತಿದೆ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆಯಬೇಡಿ.

ಕೆಲಸ ಹೋಗಬಹುದೇ? ಹೋಗಬಹುದು. ಆದರೆ ಭಯಕ್ಕಿರುವಷ್ಟು ಆಧಾರ ವಾಸ್ತವದಲ್ಲಿ ಕಾಣುವುದಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆ ವ್ಯವಸ್ಥೆಯಲ್ಲಿ 2001ರಿಂದ ಚಿಕಿತ್ಸೆಯ ತಪ್ಪುಗಳನ್ನು ರೋಗಿಗಳಿಗೆ ತಾವಾಗಿಯೇ ತಿಳಿಸಿ ಪರಿಹಾರ ಕೊಡುವ ಕ್ರಮ ಆರಂಭವಾಯಿತು. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹೂಡಿದ ಮೊಕದ್ದಮೆಗಳ ಮಾಸಿಕ ಪ್ರಮಾಣ, ಪ್ರತಿ ಒಂದು ಲಕ್ಷ ರೋಗಿ ಭೇಟಿಗಳಿಗೆ 2.13ರಿಂದ 0.75ಕ್ಕೆ ಇಳಿದಿತ್ತು. ಆಸ್ಪತ್ರೆಯಲ್ಲಿ ಪಣಕ್ಕಿರುವುದು ಅನುವಾದಕ್ಕಿಂತ ಎಷ್ಟೋ ಪಾಲು ಹೆಚ್ಚು. ತನ್ನ ತಪ್ಪನ್ನು ತಾನೇ ಹುಡುಕಿ ತಂದು ಒಪ್ಪಿಸುವ ಅನುವಾದಕಿಯ ಬಗ್ಗೆ, ಆಕೆ ಏನೂ ಹೇಳದಿದ್ದ ಬೇರೆ ಕೆಲಸಗಳೆಲ್ಲ ಸರಿಯಾಗಿಯೇ ಇದ್ದಿರಬೇಕೆಂದು ಗ್ರಾಹಕರು ಊಹಿಸಿಕೊಳ್ಳುತ್ತಾರೆ. ಪರೀಕ್ಷಿಸಲು ಬಾರದ ಕೆಲಸವನ್ನು ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಸಿಗುವುದು ಅಪರೂಪ.

ಪ್ರಶ್ನೆ: ಮರಗೆಲಸ ನನ್ನದು. ಕೆಲಸ ಹೆಚ್ಚಾಯಿತೆಂದು ಇಬ್ಬರು ಸಹಾಯಕರನ್ನು ಇಟ್ಟುಕೊಂಡೆ. ಆಗಿನಿಂದ ದೂರುಗಳು ಬರುತ್ತಿವೆ. ಅವರಿಗೆ ಶ್ರದ್ಧೆ ಇಲ್ಲವೆಂದು ತೋರುತ್ತದೆ.
— ಬಡಗಿ

ಉತ್ತರ: ಶ್ರದ್ಧೆಯ ಮಾತು ಆಮೇಲೆ. ನಿಮ್ಮ ಕೈಗೆ ಗೊತ್ತಿರುವುದು ಅವರ ಕಿವಿಗೆ ಬಿದ್ದಿದೆಯೇ ಎಂಬುದನ್ನು ಮೊದಲು ನೋಡಿ. ಕಪಾಟಿನ ಚೌಕಟ್ಟನ್ನು ಅಂಟು ಹಾಕುವ ಮುನ್ನ ಒಣದಾಗಿ ಜೋಡಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ನೀವು ಅಳೆಯುತ್ತೀರಿ. ಎದುರುಬದುರು ಪಟ್ಟಿಗಳು ಸಮವಿದ್ದು ಕರ್ಣಗಳೂ ಸಮವಿದ್ದರೆ ಮೂಲೆಗಳು ನೇರವಾಗಿವೆ ಎಂದರ್ಥ. ಇದನ್ನು ನೀವು ಯೋಚಿಸದೆಯೇ ಮಾಡಿಬಿಡುವುದರಿಂದ ಹೇಳಿಕೊಡಲು ಮರೆತಿರುವ ಸಾಧ್ಯತೆ ಹೆಚ್ಚು. ಅಂಟು ಒಣಗಿದ ಮೇಲೆ ಬಾಗಿಲು ಕೂರುವುದಿಲ್ಲವೆಂದು ಬೈದರೆ ಬೈಗುಳ ಉಳಿಯುತ್ತದೆ, ಬಾಗಿಲು ಮಾತ್ರ ಕೂರುವುದಿಲ್ಲ.

ಪ್ರತಿ ಕೆಲಸದಲ್ಲೂ ತಿದ್ದಲು ಇನ್ನೂ ಸಾಧ್ಯವಿರುವ ಒಂದೆರಡು ಘಟ್ಟಗಳನ್ನು ಗುರುತಿಸಿ, ಅಲ್ಲಿ ನೀವು ನೋಡದೆ ಮುಂದುವರಿಯುವಂತಿಲ್ಲ ಎಂದು ನಿಯಮ ಮಾಡಿ. ನಿಮ್ಮ ಕಣ್ಣು ಎಷ್ಟು ಕೆಲಸಗಳ ಮೇಲೆ ಹಾಯಬಲ್ಲದೋ ಅಷ್ಟನ್ನೇ ಒಪ್ಪಿಕೊಳ್ಳಿ. ಗ್ರಾಹಕರು ಬಂದದ್ದು ನಿಮ್ಮ ಹೆಸರು ಕೇಳಿ, ಸಹಾಯಕರದಲ್ಲ. ಕಲಿಸಿದ ಮೇಲೂ ಅಳೆಯದೆ ಅಂಟು ಹಾಕುವವರಿದ್ದರೆ ಆಗ ಶ್ರದ್ಧೆಯ ಪ್ರಶ್ನೆ ಎತ್ತಬಹುದು.

ಪ್ರಶ್ನೆ: ಛಾಯಾಗ್ರಹಣ ನನ್ನ ವೃತ್ತಿ. ನನ್ನ ಕೆಲಸ ಚೆನ್ನಾಗಿದೆಯೆಂದು ಎಲ್ಲರೂ ಹೇಳುತ್ತಾರೆ, ಆದರೂ ದರ ಏರಿಸಲು ಧೈರ್ಯ ಸಾಲದು. ಬದಲಿಗೆ ಸ್ವಲ್ಪ ಇಳಿಸಿದರೆ ಹೆಚ್ಚು ಕೆಲಸ ಬರಬಹುದೇ ಎಂದು ಯೋಚಿಸುತ್ತಿದ್ದೇನೆ.
— ಛಾಯಾಗ್ರಾಹಕಿ

ಉತ್ತರ: ಇಳಿಸುವ ಮುನ್ನ ಒಂದು ಸಣ್ಣ ಲೆಕ್ಕ ಮಾಡಿ. ಒಂದು ಕೆಲಸಕ್ಕೆ ನೀವು ಪಡೆಯುವುದು 100 ಎಂದೂ, ಪ್ರಯಾಣ, ಸಹಾಯಕರ ಕೂಲಿ, ಮುದ್ರಣವೆಂದು ಆ ಕೆಲಸಕ್ಕೇ ತಗಲುವ ಖರ್ಚು 60 ಎಂದೂ ಇಟ್ಟುಕೊಳ್ಳೋಣ. ಉಳಿಯುವುದು 40. ದರವನ್ನು ಶೇಕಡಾ 10 ಇಳಿಸಿದರೆ ಉಳಿಯುವುದು 30. ಮೊದಲಿನಷ್ಟೇ ಸಂಪಾದಿಸಲು ಮೂರು ಕೆಲಸ ಮಾಡುತ್ತಿದ್ದಲ್ಲಿ ನಾಲ್ಕು ಮಾಡಬೇಕು, ಅದೂ ಇರುವ ಎರಡೇ ಕೈಗಳಲ್ಲಿ. ಆಗ ಮೊದಲು ಹೋಗುವುದು ಯಾರಿಗೂ ಕಾಣದ ಕೆಲಸ: ಚಿತ್ರಗಳನ್ನು ಒಟ್ಟಿಗೆ ಎರಡು ಮೆಮೊರಿ ಕಾರ್ಡುಗಳಿಗೆ ಬರೆಸುವುದು, ಮನೆಗೆ ಬಂದ ರಾತ್ರಿಯೇ ಇನ್ನೊಂದು ಡಿಸ್ಕಿಗೆ ನಕಲು ಮಾಡುವುದು, ಕಾರ್ಡನ್ನು ಅಳಿಸುವ ಮುನ್ನ ನಕಲು ತೆರೆಯುತ್ತದೆಯೇ ಎಂದು ನೋಡುವುದು. ಒಮ್ಮೆ ಕಾರ್ಡು ಕೈಕೊಟ್ಟಿತೆಂದರೆ ಮರಳಿ ತೆಗೆಯಲು ಬಾರದ ಚಿತ್ರಗಳು ಹೋಗುತ್ತವೆ.

ಇನ್ನು ಏರಿಕೆಯ ಲೆಕ್ಕ. ದರ 110 ಆದರೆ ಉಳಿಯುವುದು 50. ಐವರು ಗ್ರಾಹಕರಲ್ಲಿ ಒಬ್ಬರು ಬಿಟ್ಟುಹೋದರೂ ಉಳಿದ ನಾಲ್ವರಿಂದ ಮೊದಲಿನಷ್ಟೇ ಸಂಪಾದನೆ ಆಗುತ್ತದೆ. ಐದನೆಯ ಕೆಲಸಕ್ಕೆ ಹೋಗುತ್ತಿದ್ದ ಸಮಯ ನಿಮಗೆ ಉಳಿಯುತ್ತದೆ. ಕ್ಯಾಮೆರಾ, ಬಾಡಿಗೆಯಂಥ ಖರ್ಚುಗಳನ್ನು ಸೇರಿಸಿ ನಿಮ್ಮ ನಿಜವಾದ ಅಂಕಿಗಳನ್ನು ಹಾಕಿ ನೋಡಿದರೆ ಪ್ರಮಾಣ ಬದಲಾದೀತು, ದಿಕ್ಕು ಬದಲಾಗುವುದು ಕಷ್ಟ. ಕೈತುಂಬ ಕೆಲಸವಿದ್ದು ಬಂದವರನ್ನು ಮುಂದಿನ ತಿಂಗಳಿಗೆ ಕಳುಹಿಸುತ್ತಿದ್ದೀರಾದರೆ ಏರಿಸಲು ಅದಕ್ಕಿಂತ ಬೇರೆ ಸೂಚನೆ ಬೇಕಿಲ್ಲ. ಕೆಲಸವೇ ಇಲ್ಲದೆ ಕೂತಿದ್ದರೆ ಏರಿಸುವ ಕಾಲ ಇನ್ನೂ ಬಂದಿಲ್ಲ. ಹೊಗಳಿಕೆಯನ್ನು ಬೇಡಿಕೆಯೆಂದು ತಪ್ಪು ತಿಳಿಯಬಾರದು.

ಹೊಸದಾಗಿ ಬರುವವರಿಂದ ಆರಂಭಿಸಿ. ಹಳಬರಿಗೆ ಯಾವ ದಿನದಿಂದ ಹೊಸ ದರವೆಂದು ಮುಂಚಿತವಾಗಿ ಎರಡು ಸಾಲು ಬರೆದು ತಿಳಿಸಿ, ಕಾರಣಗಳ ಪಟ್ಟಿ ಕೊಡುವ ಅಗತ್ಯವಿಲ್ಲ. ಅಷ್ಟು ಕೊಡಲಾಗುವುದಿಲ್ಲ ಎಂದವರಿಗೆ ದರ ಇಳಿಸುವ ಬದಲು ಕೆಲಸವನ್ನು ಚಿಕ್ಕದು ಮಾಡಿಕೊಡಿ: ಕಡಿಮೆ ಗಂಟೆ, ಕಡಿಮೆ ಚಿತ್ರಗಳು, ಆಲ್ಬಮ್ ಇಲ್ಲದೆ ಕಡತಗಳು ಮಾತ್ರ. ಎರಡು ಕಾರ್ಡಿನ ನಿಯಮ ಆ ಚಿಕ್ಕ ಕೆಲಸಕ್ಕೂ ಅನ್ವಯಿಸಲಿ. ಹಳೆಯ ದರಕ್ಕೆ ಈಗಾಗಲೇ ಮಾತು ಕೊಟ್ಟಿರುವ ಕೆಲಸಗಳನ್ನು ಅದೇ ದರದಲ್ಲಿ ಮುಗಿಸಿಕೊಡಿ.